ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ

ಹೊಟ್ಟೆಯಲ್ಲಿ ಮಗುವಿದೆ ಎಂದು ಗೊತ್ತಾದ ದಿನವೇ ನೇತ್ರಾ ಓಡುವುದನ್ನು ಬಿಟ್ಟಳು. ಬಿಡಬೇಕೆಂದು ಡಾಕ್ಟರು ಹೇಳಿರಲಿಲ್ಲ. ದಿನಾ ಓಡಿ ರೂಢಿಯಾದ ಮೈ, ಹಗುರವಾಗಿ ಓಡಿದರೆ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಆದರೆ ಮದುವೆಯಾಗಿ ಆರು ವರ್ಷ ಕಾದ ಮೇಲೆ ಬಂದ ಬಸಿರು ಅದು. ಹಿರೇಕೆರೂರಿನ ಮನೆಯಲ್ಲಿ ಅತ್ತೆ ವೀರವ್ವ ಸೊಸೆಯ ಕೈಯಿಂದ ನೀರಿನ ಕೊಡ ಕಸಿದುಕೊಳ್ಳುತ್ತಿದ್ದಳು. ಗಂಡ ಬಸವೇಶ ಅವಳನ್ನು ಹಿಂದೆ ಕೂರಿಸಿಕೊಂಡಾಗ ಬೈಕನ್ನು ಎತ್ತಿನ ಗಾಡಿಗಿಂತ ಮೆಲ್ಲಗೆ ಬಿಡುತ್ತಿದ್ದ. ಅವರಿಬ್ಬರ ಹಿಗ್ಗು ನೋಡಿ ನೇತ್ರಾ ತಾನೇ ಬೂಟು ತೊಳೆದು, ಒಣಗಿಸಿ, ಅಟ್ಟದ ಮೇಲಿಟ್ಟಳು.

ಹಾಗೆ ಬಿಡುವುದು ಅವಳಿಗೆ ಸಣ್ಣ ಮಾತಾಗಿರಲಿಲ್ಲ. ತಿಳವಳ್ಳಿಯ ಹೈಸ್ಕೂಲಿನಲ್ಲಿ ಅವಳು ಪೀಟಿ ಟೀಚರು. ಹಾನಗಲ್ಲಿನ ಕಾಲೇಜಿನಲ್ಲಿ ಓದುವಾಗಿನಿಂದ ಗೆಳತಿ ನಿಖತಳ ಜೊತೆ ಆನೆಕೆರೆಯ ದಂಡೆಯ ಮೇಲೆ ಓಡಿ ಓಡಿ ಬೆಳೆದವಳು. ನಿಖತ ಸವಣೂರಿನವಳು. ಮುಂದೆ ಫಿಸಿಯೋಥೆರಪಿ ಓದಿ ಶಿಗ್ಗಾವಿಯಲ್ಲಿ ಒಂದು ಕ್ಲಿನಿಕ್ಕು ಹಾಕಿಕೊಂಡಿದ್ದಳು. ಎಂದಾದರೊಮ್ಮೆ ಇಬ್ಬರೂ ಕೂಡಿ ಹುಬ್ಬಳ್ಳಿಯಲ್ಲಿ ಪೂರ್ತಿ ಮ್ಯಾರಥಾನ್ ಓಡಬೇಕೆಂಬುದು ಹುಡುಗಿಯರಾಗಿದ್ದಾಗಿನ ಮಾತು. ವರ್ಷ ವರ್ಷ ಏನಾದರೊಂದು ಅಡ್ಡ ಬಂದು ಅದು ಮಾತಾಗಿಯೇ ಉಳಿದಿತ್ತು. ಈಗ ಮಗುವಾಗಲಿ, ಆಮೇಲೆ ನೋಡಿದರಾಯಿತು ಎಂದುಕೊಂಡರು.

ಎಂಟನೆಯ ತಿಂಗಳಲ್ಲಿ ಒಂದು ಮುಂಜಾನೆ ಮಗು ಮಿಸುಕಲಿಲ್ಲ. ಮಧ್ಯಾಹ್ನವೂ ಮಿಸುಕಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೊಟ್ಟೆಯ ಮೇಲೆ ಯಂತ್ರ ಆಡಿಸುತ್ತಿದ್ದ ಡಾಕ್ಟರಮ್ಮ ಮಾತಾಡುತ್ತ ಮಾತಾಡುತ್ತಲೇ ಸುಮ್ಮನಾದಳು. ಹೊಕ್ಕುಳಬಳ್ಳಿ ಗಂಟಾಗಿತ್ತು. ಯಾರ ತಪ್ಪೂ ಅಲ್ಲ, ಓಡಿದ್ದಕ್ಕೂ ಕೂತಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಆಕೆ ಬಸವೇಶನನ್ನು ಕೂಡಿಸಿಕೊಂಡು ಬಿಡಿಸಿ ಹೇಳಿದಳು. ಆಮೇಲೆ ನೋವು ಬರಿಸಿದರು. ಅಳು ಕೇಳಿಸದ ಹೆರಿಗೆಗೆ ಒಂದು ಹಗಲು ಹಿಡಿಯಿತು. ಹೆಣ್ಣು ಕೂಸು. ಬಿಳಿ ಬಟ್ಟೆಯಲ್ಲಿ ಸುತ್ತಿ ನೇತ್ರಾಳ ತೋಳಿನ ಮೇಲಿಟ್ಟರು. ಸ್ವಲ್ಪ ಹೊತ್ತಿಗೆ ತೆಗೆದುಕೊಂಡರು. ಬಸವೇಶ ಒಬ್ಬನೇ ಅದನ್ನು ಊರಿಗೆ ಒಯ್ದು ಹೊಲದಲ್ಲಿ ಮಣ್ಣು ಮಾಡಿ ಬಂದ.

ಮನೆಗೆ ಬಂದ ಮೇಲೆ ಹಾಲು ಇಳಿಯಿತು. ವೀರವ್ವ ಹಳೆಯ ಸೀರೆ ಹರಿದು ಸೊಸೆಯ ಎದೆಗೆ ಬಿಗಿಯಾಗಿ ಕಟ್ಟಿದಳು. ಕಟ್ಟುವಾಗ ಅವಳೂ ಅತ್ತಳು. ಅವಳು ಕೆಟ್ಟವಳಾಗಿದ್ದರೆ ನೇತ್ರಾಳಿಗೆ ಎಷ್ಟೋ ಹಗುರಾಗುತ್ತಿತ್ತು. ಎರಡು ದಿನ ಬಿಟ್ಟು ಪಕ್ಕದ ಮನೆಯ ಮಹಾದೇವಕ್ಕ ಮಾತಾಡಿಸಲು ಬಂದಳು. ಅಡುಗೆಮನೆಯಲ್ಲಿ ಕೂತು ವೀರವ್ವ ಅವಳಿಗೆ ಹೇಳುತ್ತಿದ್ದುದು ಗೋಡೆಯಾಚೆ ಮಲಗಿದ್ದವಳಿಗೆ ಒಂದೊಂದು ಅಕ್ಷರವೂ ಕೇಳಿತು.

“ಗಂಡಸರಗತೆ ರೋಡಿನ ಮ್ಯಾಲೆ ಓಡ್ಯಾಡಿದ ಮೈ ಮಹಾದೇವಕ್ಕ. ವರ್ಷಗಟ್ಟಲೆ ಕುಲುಕಿ ಕುಲುಕಿ ಒಳಗ ಎಲ್ಲಾ ಸಡ್ಲ ಆಗಿರತೈತಿ. ಕೂಸು ಹೆಂಗ ನಿಂದರಬೇಕು ಹೇಳು?”

ಬಸವೇಶ ಅಲ್ಲೇ ಉಣ್ಣುತ್ತ ಕೂತಿದ್ದ. ಡಾಕ್ಟರಮ್ಮನ ಮಾತನ್ನು ಕಿವಿಯಾರೆ ಕೇಳಿದವನು ಅವನು. ಅವನೇನಾದರೂ ಅಂದಾನು ಎಂದು ನೇತ್ರಾ ಕಾದಳು. ರೊಟ್ಟಿ ಮುರಿದ ಸಪ್ಪಳ ಕೇಳಿತು. ತಾಟು ಸರಿಸಿದ ಸಪ್ಪಳ ಕೇಳಿತು. ಆಮೇಲೆ ಅವನು ಕೈ ತೊಳೆದು ಅಂಗಡಿಗೆ ಹೋದ. ಅವನದು ಗೋವಿನಜೋಳದ ವ್ಯಾಪಾರ. ಸುಗ್ಗಿಯ ಕಾಲ, ಹೋಗದೆ ವಿಧಿಯಿರಲಿಲ್ಲ.

ಆ ವಾರವೇ ನಿಖತ ಬಂದಳು. ಬಂದ ಎಲ್ಲರೂ ಸಮಾಧಾನ ಹೇಳಿದ್ದರು. ಇವಳು ಹಾಸಿಗೆಯ ಮೇಲೆ ಕೂತು, ಬೇರೆ ಯಾರೂ ಕೇಳದ ಒಂದು ಮಾತು ಕೇಳಿದಳು.

“ಹೆಂಗಿತ್ತ ಮಾರಿ?”

“ಹುಬ್ಬು ಕೂಡಿದ್ವು,” ಎಂದಳು ನೇತ್ರಾ. “ಇವರಗತೆ.”

ನೇತ್ರಾ ಗೆಳತಿಯ ಕೈ ಹಿಡಿದಳು.

“ನಿಖತ, ನಾ ಓಡಬೇಕು. ಈ ಡಿಸೆಂಬರದಾಗ ಹುಬ್ಬಳ್ಳಿ. ಪೂರಾ ಮ್ಯಾರಥಾನ್.”

“ಈ ಡಿಸೆಂಬರ್ ಆಗೂದಿಲ್ಲ. ಬರೋ ವರ್ಷದ್ದು ನೋಡೂಣು.”

“ಅಲ್ಲೀತನಕ ನಾ ಏನ ಮಾಡ್ಲಿ?”

“ಮೊದಲ ಸರಿಯಾಗಿ ಉಸರಾಡೂದು ಕಲಿ. ಆಮ್ಯಾಲೆ ನಡಿ. ಓಡೂದು ಯಾವಾಗ ಅಂತ ನಾ ಹೇಳ್ತೇನಿ.”

ನಿಖತ ಹೇಳಿದ ಹಾಗೆ ಅವಳು ಅಂಗಾತ ಮಲಗಿ ಉಸಿರಾಡಿದಳು. ಹೆರಿಗೆಯಲ್ಲಿ ಸೋತ ಕೆಳಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಿದಳು. ರಜೆ ಮುಗಿದು ತಿಳವಳ್ಳಿಯ ಶಾಲೆಗೆ ಹೋಗತೊಡಗಿದ ಮೇಲೆ, ಮೊದಲ ಗಂಟೆಗಿಂತ ಮುಂಚೆ ಮೈದಾನದ ಸುತ್ತ ನಡೆದಳು. ಮುಂಗಾರು ಹಿಡಿಯುವ ಹೊತ್ತಿಗೆ ನಿಖತ ಓಡಲು ಒಪ್ಪಿದಳು: ಒಂದು ನಿಮಿಷ ಓಟ, ನಾಲ್ಕು ನಿಮಿಷ ನಡಿಗೆ. ಆ ಒಂದು ನಿಮಿಷದಲ್ಲಿ ನೇತ್ರಾಳಿಗೆ ಎದೆ ಹಗುರಾಗುತ್ತಿತ್ತು. ಗಾಳಿ ಕಿವಿಯಲ್ಲಿ ಸುಯ್ಯೆನ್ನುವಾಗ ಅಡುಗೆಮನೆಯ ಆ ಮಾತು ಕೇಳಿಸುತ್ತಿರಲಿಲ್ಲ. ನಿಮಿಷ ತೀರಿದ ಕೂಡಲೇ ಮತ್ತೆ ಕೇಳಿಸುತ್ತಿತ್ತು. ನಾಲ್ಕು ನಿಮಿಷ ಅದನ್ನು ಕೇಳುತ್ತ ನಡೆಯುವುದೇ ಅವಳಿಗೆ ಕಷ್ಟದ ವ್ಯಾಯಾಮವಾಗಿತ್ತು.

“ಹತ್ತು ನಿಮಿಷ ಓಡ್ಲಿ?” ಎಂದು ಫೋನಿನಲ್ಲಿ ಕೇಳುತ್ತಿದ್ದಳು.

“ಬ್ಯಾಡ.”

“ಐದು?”

“ನೇತ್ರಾ, ಬ್ಯಾಡಂದ್ರ ಬ್ಯಾಡ.”

ಮಹಾದೇವಕ್ಕನ ಸೊಸೆಯೂ ಅದೇ ವರ್ಷ ಬಸುರಿಯಾಗಿದ್ದವಳು. ಶ್ರಾವಣದಲ್ಲಿ ಆ ಮನೆಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಬಂತು. ನೇತ್ರಾ ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಹೊರಗೆ ಬಂದಳು. ವೀರವ್ವ ಬಾಗಿಲಲ್ಲಿ ನಿಂತಿದ್ದಳು.

“ನೀ ಬರಬ್ಯಾಡವಾ,” ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಂಜಿಕೆಯಿತ್ತು. “ಅವರೇನೂ ಅಂದಿಲ್ಲ. ಆದ್ರ ಬಾಳ ಎಳೇ ಕೂಸು. ತಿಳೀತಿಲ್ಲ?”

ನೇತ್ರಾಳಿಗೆ ತಿಳಿಯಿತು. ಒಳಗೆ ಹೋಗಿ ಸೀರೆ ಬಿಚ್ಚಿ ಮಡಚಿಟ್ಟಳು. ಅಟ್ಟದಿಂದ ಇಳಿಸಿಕೊಂಡಿದ್ದ ಬೂಟು ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಹೊರಬಿದ್ದಳು. ಊರು ದಾಟಿ ತಿಳವಳ್ಳಿಯ ರಸ್ತೆ ಹಿಡಿದಳು. ನಿಮಿಷ ನೋಡಲಿಲ್ಲ, ನಿಲ್ಲಲಿಲ್ಲ. ಎರಡೂ ಕಡೆ ಆಳೆತ್ತರ ನಿಂತ ಗೋವಿನಜೋಳ ಮಳೆಗೆ ತೊಯ್ದು ಹೊಳೆಯುತ್ತಿತ್ತು. ಎಷ್ಟೋ ತಿಂಗಳ ಮೇಲೆ ಕಾಲು ತನ್ನದೆನಿಸಿತು. ಕೂಗಬೇಕೆನಿಸಿತು, ಕೂಗಿದಳೂ ಇರಬೇಕು. ಒಂದು ಏರು ಹತ್ತಿ ಇಳಿಯುವಾಗ ಎಡಗಾಲಿನ ಮೀನಖಂಡಕ್ಕೆ ಹಿಂದಿನಿಂದ ಯಾರೋ ಕಲ್ಲು ಬೀಸಿ ಹೊಡೆದ ಹಾಗಾಯಿತು. ಹೊರಳಿ ನೋಡಿದರೆ ಯಾರೂ ಇರಲಿಲ್ಲ. ಕಾಲು ಊರಲು ಬರಲಿಲ್ಲ. ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಬಸವೇಶನಿಗೆ ಫೋನು ಮಾಡಿದಳು.

ಅವನು ಬಂದ. ಬೈಯಲಿಲ್ಲ. ಅವಳನ್ನು ಎತ್ತಿ ಹಿಂದಿನ ಸೀಟಿನ ಮೇಲೆ ಕೂಡಿಸಿದ. ಬೈಕು ಹೊರಳಿಸುವಷ್ಟರಲ್ಲಿ ಅವಳು, ಅಷ್ಟು ದಿನ ಬಾಯಿಗೆ ಬಂದು ಬಂದು ನುಂಗಿದ್ದನ್ನು ಅವನ ಬೆನ್ನಿಗೆ ಕೇಳಿದಳು.

“ಏನ್ರೀ, ನಿಮಗೂ ಹಂಗ ಅನಸ್ತೈತೇನು? ನಾ ಓಡಿದ್ದಕ್ಕ ಕೂಸು ಹೋತು ಅಂತ?”

ಬೈಕು ಸ್ವಲ್ಪ ದೂರ ಹೋಯಿತು.

“ನನಗ ಗೊತ್ತಿಲ್ಲ ನೇತ್ರಾ,” ಎಂದ ಅವನು.

ಇಲ್ಲ ಅಂದಿದ್ದರೆ ಸಾಕಿತ್ತು. ಹೌದು ಅಂದಿದ್ದರೂ ಜಗಳ ಆಡಬಹುದಿತ್ತು. ಗೊತ್ತಿಲ್ಲ ಅಂದವನ ಬೆನ್ನು ಹಿಡಿದುಕೊಂಡು ಅವಳು ಮನೆ ಮುಟ್ಟಿದಳು.

ಸ್ನಾಯು ಹರಿದಿತ್ತು. ನಿಖತ ಕಾಲನ್ನು ಮಡಿಲಲ್ಲಿಟ್ಟುಕೊಂಡು ಒತ್ತಿ ನೋಡಿದಳು. ಈಗ ಬೈಗುಳ ತಪ್ಪಿದ್ದಲ್ಲ ಎಂದು ನೇತ್ರಾ ಕಾಯುತ್ತಿದ್ದರೆ ಅವಳು ಹೇಳಿದ್ದು ಇಷ್ಟೇ: “ಮತ್ತ ಮೊದಲಿಂದ ಶುರು ಮಾಡೂಣು. ಅವಸರ ಯಾರಿಗೈತಿ?”

ಕಾಲಿನ ನೆವ ಮಾಡಿಕೊಂಡು ನೇತ್ರಾ ತಿಳವಳ್ಳಿಯಲ್ಲೇ ಒಂದು ಖೋಲಿ ಹಿಡಿದಳು. ದಿನಾ ಬಸ್ಸು ಹತ್ತಿ ಇಳಿಯುವುದು ಆಗುವುದಿಲ್ಲ ಎಂದಳು, ಯಾರೂ ಬೇಡವೆನ್ನಲಿಲ್ಲ. ರವಿವಾರ ಬಸವೇಶ ಅವ್ವ ಬಡಿದು ಕೊಟ್ಟ ರೊಟ್ಟಿಯ ಗಂಟು ತಂದು, ಸ್ವಲ್ಪ ಹೊತ್ತು ಹೊಸ್ತಿಲ ಹತ್ತಿರ ಕೂತು ಹೋಗುತ್ತಿದ್ದ. ಮಳೆ, ರೇಟು, ಅವ್ವನ ಮೊಣಕಾಲು ನೋವು ಇಂಥದೇ ಮಾತು. ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ ಅವನು ಹೊರಡಲು ಎದ್ದಾಗ ನೇತ್ರಾ ಕೇಳಿದಳು.

“ಎಲ್ಲಿ ಇಟ್ಟೀರಿ ಅಕೀನ್ನ?”

ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ಆಮೇಲೆ, “ಬಾ,” ಎಂದ.

ಹೊಲದ ಮೂಲೆಯಲ್ಲಿ, ಬದುವಿಗೆ ಹತ್ತಿ, ಒಂದು ಬೇವಿನ ಸಸಿ ಇತ್ತು. ಸುತ್ತ ದನ ಬಾಯಿ ಹಾಕದಂತೆ ಮುಳ್ಳು ಕಟ್ಟಿತ್ತು. ಮಣ್ಣು ಹಸಿಯಾಗಿತ್ತು, ಮಳೆ ನಿಂತು ಎಷ್ಟೋ ದಿನವಾಗಿತ್ತು. ದಿನಾ ನೀರು ಹಾಕುತ್ತಿದ್ದವರು ಯಾರೆಂದು ಅವಳು ಕೇಳಲಿಲ್ಲ. ಕುಂಟುತ್ತ ಹೋಗಿ ಪಕ್ಕದಲ್ಲಿ ಕೂತಳು. ಬಸವೇಶನೂ ಕೂತ, ಕೂತವನು ಮುಖ ಮುಚ್ಚಿಕೊಂಡು ಬಿಕ್ಕಿದ. ಮದುವೆಯಾದ ಮೇಲೆ ಅವನು ಅತ್ತದ್ದನ್ನು ಅವಳು ನೋಡಿದ್ದು ಅದೇ ಮೊದಲು.

“ಗಾಡ್ಯಾಗ ತೊಡಿ ಮ್ಯಾಲೆ ಇಟ್ಕೊಂಡ ಬಂದೆ,” ಎಂದ. “ಹುಬ್ಬಳ್ಳಿಯಿಂದ ಇಲ್ಲೀತನಕ. ದಾರಿ ಪೂರಾ, ಈಗ ಅಳತೈತಿ, ಈಗ ಅಳತೈತಿ ಅಂತ ಅನಸ್ತಿತ್ತು.”

ಅವಳು ಅವನ ತಲೆ ಹಿಡಿದು ತನ್ನ ಹೆಗಲಿಗೆ ಒತ್ತಿಕೊಂಡಳು. ಬೈಕಿನ ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅವತ್ತು ಅವಳು ಅದನ್ನು ಕೇಳಲೂ ಇಲ್ಲ.

ಮರುವರ್ಷ ಪೂರ್ತಿ ನೇತ್ರಾ ನಿಖತಳ ಮಾತು ಮೀರಲಿಲ್ಲ. ಒಂದು ನಿಮಿಷ ಎಂದರೆ ಒಂದೇ ನಿಮಿಷ ಓಡಿದಳು. ಅದು ಎರಡಾಗಲು, ಎರಡು ನಾಲ್ಕಾಗಲು ವಾರಗಟ್ಟಲೆ ಕಾದಳು. ಮೀನಖಂಡ ಸ್ವಲ್ಪ ಬಿಗಿದರೆ ಅವತ್ತು ಬೂಟು ಬಿಚ್ಚಿಟ್ಟು ಕೂತುಬಿಡುತ್ತಿದ್ದಳು. ಮೊದಲೆಲ್ಲ ಅವಳಿಗಿಂತ ಎಷ್ಟೋ ಹಿಂದೆ ಉಳಿಯುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗಿಯರು “ಬರ್ರಿ ಮೇಡಂ, ಬರ್ರಿ” ಎಂದು ನಗುತ್ತ ದಾಟಿ ಹೋಗುತ್ತಿದ್ದರು. ಹೋಗಲಿ ಎಂದು ಬಿಡುತ್ತಿದ್ದಳು. ಮಳೆಗಾಲದ ಹೊತ್ತಿಗೆ ರವಿವಾರದ ಉದ್ದ ಓಟ ಶುರುವಾಯಿತು. ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ ಶಿಗ್ಗಾವಿಗೆ ಹೋಗುತ್ತಿದ್ದಳು. ಅಲ್ಲಿಂದ ಇಬ್ಬರೂ ಕೂಡಿ ಗೊಟಗೋಡಿಯ ಕಡೆಗೆ, ರಾಕ್ ಗಾರ್ಡನ್ ದಾಟಿ, ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ಓಡುತ್ತಿದ್ದರು. ಬಸವೇಶ ಒಮ್ಮೊಮ್ಮೆ ನೀರು, ಬೆಲ್ಲ ಕಟ್ಟಿಕೊಂಡು ಬೈಕಿನಲ್ಲಿ ಹಿಂದೆ ಬರುತ್ತಿದ್ದ. ಅವಳು ಹಿರೇಕೆರೂರಿನ ಮನೆಗೆ ಮರಳಿದಳು. ವೀರವ್ವ ಓಟದ ಬಗ್ಗೆ ಒಳ್ಳೆಯದನ್ನೂ ಅನ್ನಲಿಲ್ಲ, ಕೆಟ್ಟದ್ದನ್ನೂ ಅನ್ನಲಿಲ್ಲ. ಡಿಸೆಂಬರದ ಮ್ಯಾರಥಾನಿಗೆ ಇಬ್ಬರೂ ಹೆಸರು ಕೊಟ್ಟರು.

ನವೆಂಬರದಲ್ಲಿ ನೇತ್ರಾಳ ತಿಂಗಳು ತಪ್ಪಿತು.

ಮನೆಯಲ್ಲಿ ಹೇಳುವ ಮೊದಲು ಡಾಕ್ಟರಮ್ಮನನ್ನು ಕಂಡು ಬಂದಳು. ಎಲ್ಲ ಸರಿಯಿದೆ, ಅಷ್ಟೂ ಓಡಬೇಡ, ಆದರೆ ಅರ್ಧ ದೂರ ಆರಾಮಾಗಿ ಓಡಬೇಕೆನಿಸಿದರೆ ಓಡು, ನಿನ್ನ ಮೈಗೆ ಅದು ಹೊಸದಲ್ಲ ಎಂದಳು ಆಕೆ. ಆ ರವಿವಾರ ಗೊಟಗೋಡಿಯಲ್ಲಿ ರಾಕ್ ಗಾರ್ಡನ್ನಿನ ಮುಂದಿನ ಕಟ್ಟೆಯ ಮೇಲೆ ಕೂತು ನಿಖತಳಿಗೆ ಸುದ್ದಿ ಹೇಳಿದಳು. ನಿಖತ ತಬ್ಬಿಕೊಂಡು, “ಅರ್ಧಾನ ಓಡೂಣು, ನಾನೂ ಅರ್ಧಾನ ಓಡ್ತೇನಿ,” ಎಂದಳು.

“ಇಲ್ಲ. ನಾ ಓಡೂದಿಲ್ಲ.”

“ಡಾಕ್ಟರ್ ಬ್ಯಾಡಂದ್ರೇನು?”

“ಇಲ್ಲ.”

“ಅತ್ತಿಯವರಿಗೆ ಅಂಜಿ?”

“ಅತ್ತಿಯವರಿಗೆ ಗೊತ್ತಿಲ್ಲ ಇನ್ನೂ.” ನೇತ್ರಾ ಬೂಟಿನ ದಾರ ಬಿಚ್ಚುತ್ತಿದ್ದಳು. “ನಿಖತ, ಆ ಮಾತು ಸುಳ್ಳು ಅಂತ ನಾ ಎರಡ ವರ್ಷ ಬಡದಾಡೇನಿ. ಖರೇನ ಸುಳ್ಳೈತಿ. ಡಾಕ್ಟರ್ ಹೇಳ್ಯಾರ, ನೀ ಹೇಳೀದಿ, ನನಗೂ ಗೊತ್ತೈತಿ. ಆದ್ರ ನಾಳಿ ನಾ ಓಡಿ, ಏನರ ಹೆಚ್ಚು ಕಮ್ಮಿ ಆತಂದ್ರ, ನಾನೂ ಅದನ್ನ ನಂಬತೇನಿ. ಒಳಗ ಎಲ್ಲೋ ಈಗಾಗಲೇ ನಂಬೇನಿ ಕಾಣಸ್ತೈತಿ.”

ಅದನ್ನು ಬಾಯಿಬಿಟ್ಟು ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಹೆದ್ದಾರಿಯ ಲಾರಿಗಳನ್ನು ನೋಡುತ್ತ ಕೂತ ನಿಖತಳ ಕಣ್ಣಲ್ಲಿ ನೀರಾಡಿತು.

ಮ್ಯಾರಥಾನಿನ ದಿನ ನಿಖತ ಒಬ್ಬಳೇ ಪೂರ್ತಿ ದೂರಕ್ಕೆ ನಿಂತಳು. ಓಡು ಎಂದು ನೇತ್ರಾಳೇ ಹಟ ಹಿಡಿದಿದ್ದಳು. ದಾರಿಯ ಕೊನೆಯ ಭಾಗದಲ್ಲಿ, ಬಿಸಿಲು ಏರಿದ ಹೊತ್ತಿನಲ್ಲಿ, ಉಪ್ಪು ಸಕ್ಕರೆ ಕಲೆಸಿದ ನೀರು ಹಿಡಿದು ನೇತ್ರಾ ರಸ್ತೆಯ ಅಂಚಿಗೆ ನಿಂತಿದ್ದಳು. ಗುರುತಿಲ್ಲದ ಎಷ್ಟೋ ಜನ ಮುಖ ಕಿವುಚಿಕೊಂಡು, ಕಾಲೆಳೆಯುತ್ತ ದಾಟಿದರು. ಅವರ ನೋವಿನ ಬಗ್ಗೆ ತನಗೆ ಹೊಟ್ಟೆಕಿಚ್ಚಾಗುತ್ತಿದೆ ಎಂದು ಅವಳಿಗೆ ತಿಳಿಯಿತು. ನಿಖತ ಬಂದಾಗ ತುಟಿ ಒಡೆದಿತ್ತು, ದುಪಟ್ಟಾದಂತೆ ಸುತ್ತಿಕೊಂಡಿದ್ದ ಬಟ್ಟೆಯೆಲ್ಲ ಬೆವರು. ನೀರು ಕುಡಿದು, ಒದ್ದೆ ಕೈಯನ್ನು ಒಂದು ಗಳಿಗೆ ನೇತ್ರಾಳ ಹೊಟ್ಟೆಯ ಮೇಲಿಟ್ಟು, ಮುಂದೆ ಹೋದಳು.

ಮನೆಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು. ನೇತ್ರಾ ಜೋರಾಗಿ ನಡೆಯಲೂ ಇಲ್ಲ. ಮೈದಾನದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಸೀಟಿ ಊದುತ್ತಿದ್ದಳು. ಹಾಗೆ ಕೂತಿದ್ದಾಗಲೇ, ಜನವರಿಯ ಕೊನೆಯಲ್ಲಿ, ಒಂದು ಮುಂಜಾನೆ ತೊಡೆಯ ನಡುವೆ ಬೆಚ್ಚಗಾಯಿತು. ಸಂಜೆಯ ಹೊತ್ತಿಗೆ ಎಲ್ಲ ಮುಗಿದಿತ್ತು. ಹೀಗೆ ಎಷ್ಟೋ ಹೆಂಗಸರಿಗೆ ಆಗುತ್ತದೆ, ಕಾರಣ ಸಿಗುವುದಿಲ್ಲ, ನೀನು ಮಾಡಿದ್ದು ಬಿಟ್ಟದ್ದು ಏನೂ ಇದಕ್ಕೆ ಕಾರಣವಲ್ಲ ಎಂದಳು ಡಾಕ್ಟರಮ್ಮ.

ಮಹಾದೇವಕ್ಕ ಮತ್ತೆ ಮಾತಾಡಿಸಲು ಬಂದಳು. ವೀರವ್ವ ಕಣ್ಣೊರೆಸಿಕೊಂಡು, “ಮೊದಲ ಓಡಿದ ಗಾಸಿ ಮೈಯಾಗ ಉಳದಿತ್ತು ಕಾಣಸ್ತೈತಿ—” ಎಂದು ಶುರುಮಾಡಿದಳು. ಮುಗಿಸಲು ಬಸವೇಶ ಬಿಡಲಿಲ್ಲ. ತಾಟು ನೂಕಿ ಎದ್ದುಬಿಟ್ಟ.

“ಈ ಸಲ ಓಡಿರಲಿಲ್ಲ ಯವ್ವಾ! ಒಂದ ಹೆಜ್ಜಿ ಓಡಿರಲಿಲ್ಲ. ಅಷ್ಟ ಕಷ್ಟಪಟ್ಟು ಮೈ ಕೂಡಿಸಿಕೊಂಡಾಕಿ ಎಲ್ಲಾ ಬಿಟ್ಟು ಕುರ್ಚಿ ಮ್ಯಾಲೆ ಕುಂತಿದ್ಲು. ನೀ ನೋಡಿಲ್ಲೇನು? ಅವಾಗೂ ಓಟದಿಂದ ಅಲ್ಲಂತ ಡಾಕ್ಟರ್ ನನಗ ಹೇಳಿದ್ರು. ನಾನ ಬಾಯಿ ಬಿಡಲಿಲ್ಲ. ಇನ್ನೊಮ್ಮೆ ಆ ಮಾತು ಈ ಮನ್ಯಾಗ ಬರಬಾರದು.”

ಗೋಡೆಯಾಚೆ ನೇತ್ರಾ ಎಲ್ಲವನ್ನೂ ಕೇಳಿದಳು. ಈ ಮಾತಿಗಾಗಿ ಎರಡು ವರ್ಷ ಕಾದಿದ್ದಳು. ಬಂದಾಗ ಅದು ಹಸಿವು ಸತ್ತವಳ ಮುಂದೆ ಬಡಿಸಿದ ಊಟದಂತೆ ಬಂತು. ಓಟದಿಂದ ಅಲ್ಲ, ಸರಿ. ಹಾಗಾದರೆ ಯಾವುದರಿಂದಲೂ ಅಲ್ಲ. ಇನ್ನು ಮೇಲೆ ಸಿಟ್ಟು ಮಾಡಲಿಕ್ಕೂ ಯಾರೂ ಇಲ್ಲ, ಮುಂದಿನ ಸಲ ಬಿಡಲಿಕ್ಕೂ ಏನೂ ಇಲ್ಲ.

ಸ್ವಲ್ಪ ಹೊತ್ತಿಗೆ ವೀರವ್ವ ಒಳಗೆ ಬಂದು ಮಂಚದ ಕಾಲಬುಡದಲ್ಲಿ ಕೂತಳು. ಸೊಸೆಯ ಪಾದದ ಮೇಲೆ ಕೈಯಿಟ್ಟಳು.

“ಏನರ ಒಂದು ಕಾರಣ ಇರಬೇಕಲ್ಲ ನೇತ್ರಾ,” ಎಂದಳು. “ಸುಮ್‌ಸುಮ್ಕ ಹೋಗತಾವೇನು ಕೂಸು?”

“ಹೋಗತಾವಂತ್ರಿ ಅತ್ತಿ.”

ವೀರವ್ವ ತಲೆಯ ಮೇಲಿನ ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ನೇತ್ರಾ ಎದ್ದು ಕೂತು ಅವಳ ಬೆನ್ನು ಸವರಿದಳು.

ಯುಗಾದಿಯ ಹೊತ್ತಿಗೆ ನಡೆಯಬಹುದೆಂದು ನಿಖತ ಹೇಳಿದಳು. ಮುಂದಿನ ಮ್ಯಾರಥಾನಿನ ಮಾತನ್ನು ಅವಳೂ ತೆಗೆಯಲಿಲ್ಲ, ಇವಳೂ ತೆಗೆಯಲಿಲ್ಲ. ಮೊದಲ ದಿನ ಬೆಳಗಿನ ತಂಪಿನಲ್ಲಿ ನೇತ್ರಾ ಹೊರಟಾಗ ಬಸವೇಶ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ. ಬರಲೇ ಎಂದು ಕೇಳಲಿಲ್ಲ. ಅವಳೂ ಬೇಡ ಎನ್ನಲಿಲ್ಲ. ಹಾವೇರಿಗೆ ಹೋಗುವ ಮೊದಲ ಬಸ್ಸು ಅವರನ್ನು ದಾಟಿ ಹೋಯಿತು. ಕೆರೆಯ ಹತ್ತಿರ ಬರುವಷ್ಟರಲ್ಲಿ ಅವನಿಗೆ ಏದುಸಿರು ಹತ್ತಿತ್ತು. ಅಂಗಡಿಯಲ್ಲಿ ಕೂತು ಕೂತು ಬೆಳೆದ ಮೈ.

“ಸ್ವಲ್ಪ ಸಾವಕಾಶ ನಡಿ,” ಎಂದ.

ನೇತ್ರಾ ಹೆಜ್ಜೆ ಸಣ್ಣದು ಮಾಡಿದಳು. ಅವನು ಪಕ್ಕಕ್ಕೆ ಬರುವ ತನಕ ನಿಂತಳು, ಆಮೇಲೆ ನಡೆದಳು.